ಅಗ್ಗದ ಕಟಾನಾ: ಹೊಳಪು ನೋಡಿ ಮರುಳಾಗ್ಬೇಡಿ

ಮೊಬೈಲ್‌ನಲ್ಲಿ ಅಗ್ಗದ ಜಪಾನಿ ಕತ್ತಿ, ಅಂದ್ರೆ ಕಟಾನಾ, ಕಣ್ಣಿಗೆ ಬಿತ್ತಾ? ಲೊಕ್ಕನಹಳ್ಳಿ ಕಡೆ ಮಚ್ಚು ಕೊಳ್ಳೋ ರೈತರು ಹೊಳಪು ನೋಡಲ್ಲ. ಹಿಡಿ ನೋಡ್ತಾರೆ, ಹದ ನೋಡ್ತಾರೆ. ಇಲ್ಲೂ ಅಷ್ಟೇ.

ಒಂದು, ಅಲಗಿನ ಬಾಲ ಹಿಡಿಯೊಳಗೆ ಅಗಲವಾಗಿ, ಉದ್ದಕ್ಕೆ ಹೋಗಿರಬೇಕು. ಬರೀ ಸಣ್ಣ ಸರಳು ಬೆಸೆದಿದ್ರೆ, ಬೀಸಿದಾಗ ಅಲಗು ಕಿತ್ತು ಹಾರಬಹುದು. ಎರಡು, ಹಿಡಿಗೆ ಹೊಡೆದ ಬಿದಿರು ಮೊಳೆ 'ಮೆಕುಗಿ' ಅಲ್ಲಾಡಬಾರದು. ಮೂರು, ಸ್ಟೇನ್‌ಲೆಸ್ ಆದ್ರೆ ಗೋಡೆ ಅಲಂಕಾರಕ್ಕಷ್ಟೇ. 1060 ಅಂತಿದ್ರೆ ಸುಮಾರು ಶೇ 0.60 ಇಂಗಾಲದ ಉಕ್ಕು. ನಾಲ್ಕು, ಅಂಚಿನ ಅಲೆಗೆರೆ 'ಹಾಮೊನ್'. ಅಸಲಿಯದು ಮಣ್ಣು ಮೆತ್ತಿ, ಕಾಯಿಸಿ, ನೀರಿಗದ್ದಿದಾಗ ಮೂಡುತ್ತೆ. ಅಗ್ಗದ್ದರಲ್ಲಿ ಹೆಚ್ಚಾಗಿ ಆಸಿಡ್ ಗೆರೆ.

ಕೊನೇ ಮಾತು: 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೃಷಿ ಉಪಕರಣಕ್ಕಿರೋ ವಿನಾಯಿತಿ ಕತ್ತಿಗಿಲ್ಲ. ಆರ್ಡರ್ ಮಾಡೋ ಮುಂಚೆ ಠಾಣೆಯಲ್ಲಿ ವಿಚಾರಿಸಿ.