ಒಂದು ಮೊಳೆಯಿಂದ ಎದ್ದ ಅರಮನೆ

ಗುಬ್ಬಿ ತಾಲ್ಲೂಕಿನ ಊರೊಂದರಲ್ಲಿ ರಾತ್ರಿ ‘ಕುರುಕ್ಷೇತ್ರ’ ನಾಟಕ ಇದೆ ಎಂದರೆ ಮಧ್ಯಾಹ್ನಕ್ಕೇ ಸೀನರಿ ಗಾಡಿ ಬಂದು ನಿಲ್ಲುತ್ತದೆ. ಗುಡಿ ಮುಂದಿನ ಬಯಲಲ್ಲಿ ಕಂಬ ನೆಟ್ಟು, ಹಲಗೆ ಹಾಸಿ, ಉದ್ದುದ್ದ ಸುರುಳಿಗಳನ್ನು ಇಬ್ಬಿಬ್ಬರು ಹೆಗಲು ಕೊಟ್ಟು ಇಳಿಸುತ್ತಾರೆ. ಹಗ್ಗ ಸಡಿಲಿಸಿದಂತೆ ಪರದೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ: ದರ್ಬಾರು, ಬೀದಿ, ಕಾಡು, ಅಂತಃಪುರ, ಕೈಲಾಸ.

ಬಿಸಿಲಲ್ಲಿ ಹತ್ತಿರ ನಿಂತು ನೋಡಿದರೆ ದರ್ಬಾರಿನಲ್ಲಿ ಅರಮನೆಯೇ ಕಾಣುವುದಿಲ್ಲ. ಕಂಬದ ಹೊಳಪೆಂದರೆ ಮೇಲಿಂದ ಕೆಳಕ್ಕೆ ಎಳೆದ ಒಂದು ಬಿಳಿ ಗೀಟು. ತೋರಣದ ಹೂವೆಂದರೆ ಅರಿಸಿನ ಬಣ್ಣದ ನಾಲ್ಕು ಮೆತ್ತು. ಬಾಗಿಲ ಪಕ್ಕದ ಸಿಂಹಕ್ಕೆ ಕಣ್ಣೇ ಇಲ್ಲ, ಎರಡು ಕಪ್ಪು ಗುಳಿ. ರಾತ್ರಿ ದೀಪ ಹತ್ತಿ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದಾಗ, ದೂರದಲ್ಲಿ ಚಾಪೆ ಹಾಸಿ ಕೂತ ಅಜ್ಜಿಗೆ ಅದೇ ಗೀಟು ದುಂಡನೆಯ ಕಲ್ಲುಕಂಬ. ಅದೇ ಗುಳಿಯಿಂದ ಸಿಂಹ ದಿಟ್ಟಿಸುತ್ತದೆ. ಪರದೆ ಬರೆಯುವವನು ಬರೆದದ್ದು ಅವಳು ಕೂತ ದೂರಕ್ಕೆ. ಎಲ್ಲಿ ಕುಂಚ ನಿಲ್ಲಿಸಬೇಕೆಂದು ತಿಳಿದಿರುವುದೇ ಅವನ ಕಸುಬು.

ಈ ಅರಮನೆ ಹುಟ್ಟುವುದು ಒಂದು ಮೊಳೆಯಿಂದ. ಅಂಟು, ಸುಣ್ಣದ ಬಿಳಿ ಬಳಿದು ಬಿಗಿಮಾಡಿದ ಹತ್ತಿ ಬಟ್ಟೆಯ ನಡುವೆ, ನೋಟದ ಗೆರೆಗಳೆಲ್ಲ ಕೂಡುವ ಜಾಗದಲ್ಲಿ ಮೊಳೆ ಹೊಡೆದು ನೂಲು ಕಟ್ಟುತ್ತಾರೆ. ಪುಡಿ ಸವರಿದ ನೂಲನ್ನು ಎಳೆದು ಬಿಟ್ಟರೆ ಗೆರೆ ಬೀಳುತ್ತದೆ. ನೆಲದ ಕಪ್ಪುಬಿಳಿ ಚೌಕಗಳು, ಕಂಬಗಳ ಸಾಲು, ಮಾಳಿಗೆಯ ತೊಲೆ, ಎಲ್ಲವೂ ಆ ಒಂದೇ ಮೊಳೆಯತ್ತ ಓಡುತ್ತವೆ. ಬಣ್ಣಕ್ಕೆ ಎಣ್ಣೆ ಬೆರೆಸಿ ದಪ್ಪಗೆ ಬಳಿದರೆ ಸುರುಳಿ ಸುತ್ತುವಾಗ ಸೀಳುತ್ತದೆ; ಆದ್ದರಿಂದ ಪುಡಿಬಣ್ಣಕ್ಕೆ ಅಂಟುನೀರು ಬೆರೆಸಿ ತೆಳ್ಳಗೆ ಹಚ್ಚುವುದು ಹಳೆಯ ಪದ್ಧತಿ. ಅದು ಒಣಗಿದರೆ ತಿಳಿಯಾಗುತ್ತದೆ. ಹಸಿ ಬಣ್ಣ ನೋಡಿಯೇ ನಾಳಿನ ಬಣ್ಣ ಹೇಳಬೇಕು. ಹಳದಿ ಬೆಳಕಿಗೆ ನೀಲಿ ಮಂಕಾಗುವುದರಿಂದ ಅದನ್ನು ಒಂದು ಪಟ್ಟು ಹೆಚ್ಚೇ ಹಾಕಬೇಕು.

ಈ ವಿದ್ಯೆ ಯೂರೋಪಿನ ರಂಗಭೂಮಿಯಿಂದ ಮುಂಬೈನ ಪಾರ್ಸಿ ಕಂಪನಿಗಳಿಗೆ, ಅಲ್ಲಿಂದ ಅವುಗಳ ಊರೂರ ತಿರುಗಾಟದ ಜೊತೆ ನಮ್ಮ ಕಡೆಗೆ ಬಂತು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ವೀರಣ್ಣನವರ (1891–1972) ಕೈಯಲ್ಲಿ ಅದನ್ನು ವೈಭವಕ್ಕೆ ಏರಿಸಿತು. ಅವರು ‘ಕುರುಕ್ಷೇತ್ರ’ದ ರಂಗಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದರು. ಜೀವಂತ ಆನೆಯ ಹಿಂದೆ ಬಟ್ಟೆಯ ಕೋಟೆ ಕೋಟೆಯಾಗಿಯೇ ನಿಲ್ಲುವುದು ಸುಲಭದ ಮಾತಲ್ಲ. ನಟ ಪರದೆಗೆ ಅಂಟಿ ನಿಂತರೂ ಸಾಕು, ಹಿಂದಿನ ಕಂಬ ಅವನ ಸೊಂಟಕ್ಕೆ ಬಂದು ಅರಮನೆ ಕುಸಿಯುತ್ತದೆ. ದುರ್ಯೋಧನನ ಸಿಂಹಾಸನವನ್ನು ಮುಂದಕ್ಕೆ ಹಾಕುವುದು ಬರಿಯ ಗತ್ತಿಗಲ್ಲ.

ಕುಣಿಗಲ್ ಕಡೆ ಬಂದರೆ ಕೈಚಳಕದ ಇನ್ನೊಂದು ಪರೀಕ್ಷೆ. ಗೀತೋಪದೇಶದ ಪರದೆಯಲ್ಲಿ ನಾಲ್ಕು ಬಿಳಿ ಕುದುರೆ. ಬಹುಪಾಲು ಪರದೆಗಳಲ್ಲಿ ಅವು ಕ್ಯಾಲೆಂಡರಿನಿಂದ ಇಳಿದವು: ಕತ್ತು ಬಿಲ್ಲಿನಂತೆ, ಕಾಲು ನಾಲ್ಕೂ ಒಂದೇ ಅಚ್ಚು. ಆದರೆ ಕುಣಿಗಲ್ ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು. ಇಲ್ಲಿನ ಸ್ಟಡ್ ಫಾರಂನಲ್ಲಿ ಬೆಳೆದ ಕುದುರೆಗಳು ರೇಸಿನಲ್ಲಿ ಓಡಿವೆ. ಮುಂಗಾಲು ಊರಿದಾಗ ಭುಜದ ಮಾಂಸ ಎಲ್ಲಿ ಉಬ್ಬುತ್ತದೆ ಎಂದು ಕಂಡವರು ಜನರ ನಡುವೆಯೇ ಕೂತಿರುತ್ತಾರೆ. ಕಂಬವನ್ನು ನೂಲು ಗೆಲ್ಲಿಸುತ್ತದೆ. ಕುದುರೆಯನ್ನು ನೋಡಿಯೇ ಗೆಲ್ಲಬೇಕು.

ತುಮಕೂರಿನ ರಸ್ತೆಗಳಲ್ಲಿ ಬೋರ್ಡು, ಬ್ಯಾನರು ಬರೆಯುತ್ತಿದ್ದ ಕೈಗಳ ಜಾಗಕ್ಕೆ ಫ್ಲೆಕ್ಸ್ ಯಂತ್ರ ಬಂದಿದೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ; ಕಟ್ಟುವುದು ನಿಂತಿಲ್ಲ. ನಾಟಕಕ್ಕೂ ಅದೇ ಬಂತು. ಅಗ್ಗ, ನೆನೆದರೂ ಒರೆಸಿದರೆ ಆಯಿತು, ಸೀನರಿಯವರನ್ನು ದೂರುವಂತಿಲ್ಲ. ಆದರೆ ಎಲ್ಇಡಿ ಬಿದ್ದಾಗ ಅದು ಮಿರುಗುತ್ತದೆ. ದೂರದ ಗುಡ್ಡವೂ ಹತ್ತಿರದ ಹೂವೂ ಒಂದೇ ಸಮ ಸ್ಪಷ್ಟ. ಮುಂದೆ ನಿಂತ ಕರ್ಣನ ಕಿರೀಟದೊಡನೆ ಹಿಂದಿನ ಗೋಪುರ ಪೈಪೋಟಿಗೆ ಇಳಿಯುತ್ತದೆ. ಯಂತ್ರಕ್ಕೆ ಯಾವುದನ್ನು ಬಿಡಬೇಕೆಂದು ಗೊತ್ತಿಲ್ಲ. ಬರೆದ ಪರದೆ ನಟನಿಗಾಗಿ ಹಿಂದೆ ಸರಿಯುತ್ತದೆ.

ಇದ್ದದ್ದನ್ನು ಇದ್ದಂತೆ ಬರೆಯಲು ಕ್ಯಾಮೆರಾ ಇದೆ, ಚಿತ್ರಕಾರನಿಗೆ ಕೈಚಳಕ ಏಕೆ ಎಂಬ ವಾದಕ್ಕೆ ಈ ಪರದೆಗಳೇ ಉತ್ತರ: ಇದ್ದಂತೆ ಬರೆಯುವುದು ಅರ್ಧ ಕೆಲಸ; ಯಾರು, ಎಲ್ಲಿಂದ, ಯಾವ ಬೆಳಕಲ್ಲಿ ನೋಡುತ್ತಾರೆಂದು ಅಳೆಯುವುದು ಉಳಿದರ್ಧ. ಕೆಟ್ಟ ಪರದೆಯನ್ನು ಜನ ಆಡಿಕೊಳ್ಳುತ್ತಾರೆ, ಒಳ್ಳೆಯದನ್ನು ಗಮನಿಸುವುದೇ ಇಲ್ಲ. ಹಾಗಾಗಿಯೇ ಅದು ಮರೆಯಾಗುತ್ತಿರುವುದೂ ಯಾರಿಗೂ ತಟ್ಟುತ್ತಿಲ್ಲ. ನಾಟಕದ ಕರಪತ್ರದಲ್ಲಿ ಪಾತ್ರಧಾರಿಗಳು, ಮೇಷ್ಟ್ರು, ದಾನಿಗಳು, ಸೀನರಿಯವರು ಎಲ್ಲರ ಹೆಸರೂ ಇರುತ್ತದೆ. ಪರದೆ ಬರೆದವನಿಗೂ ಅಲ್ಲಿ ಒಂದು ಸಾಲು ಸಿಗಲಿ. ಮುಂದಿನ ಪರದೆ ಯಾರ ಕೈಲಿ ಬರೆಸಬೇಕೆಂದು ಊರಿಗಾದರೂ ಗೊತ್ತಾದೀತು.