ರಿಪೋರ್ಟ್ ನಾರ್ಮಲ್ ಬಂದಮೇಲೂ ಉಳಿಯುವ ನೋವು

2025ರ ಜುಲೈ ಮೊದಲ ವಾರದಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಜನ ಸಾಲುಗಟ್ಟುತ್ತಿದ್ದರು. ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡರೆಂಬ ಸುದ್ದಿ ವಾಹಿನಿಗಳಲ್ಲಿ ದಿನವಿಡೀ ಬಿತ್ತರಗೊಳ್ಳುತ್ತಿತ್ತು; ಸತ್ತವರಲ್ಲಿ ಹರೆಯದವರೂ ಇದ್ದರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಾಗಲೂ ರಾಜ್ಯದ ಆಸ್ಪತ್ರೆಗಳಲ್ಲಿ ಇಂಥದ್ದೇ ನೂಕುನುಗ್ಗಲು ಕಂಡಿತ್ತು. ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಹೃದಯದ ಸಾವುಗಳಲ್ಲಿ ಅಸಹಜವಾದ ಏರಿಕೆ ಇಲ್ಲವೆಂದೂ ಪಟ್ಟಿಯಲ್ಲಿದ್ದ ಕೆಲವು ಸಾವುಗಳಿಗೆ ಹೃದಯವೇ ಕಾರಣವಲ್ಲವೆಂದೂ ಹೇಳಿತು. ಆ ಹೊತ್ತಿಗೆ ಸಾವಿರಾರು ಜನ ಇಸಿಜಿ, ಎಕೋ ಮಾಡಿಸಿಕೊಂಡು ‘ಏನೂ ತೊಂದರೆಯಿಲ್ಲ’ ಎನಿಸಿಕೊಂಡು ಊರಿಗೆ ಮರಳಿದ್ದರು. ಅಂಥವರಲ್ಲಿ ಬಹುಪಾಲು ಮಂದಿ ನೆಮ್ಮದಿಯಿಂದ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಉಳಿದ ಕೆಲವರಿಗೆ ನಾಲ್ಕೇ ದಿನಕ್ಕೆ ಮತ್ತೆ ಎದೆ ಹಿಡಿದಂತಾಗುತ್ತದೆ, ಮತ್ತೊಬ್ಬ ವೈದ್ಯರ ಹುಡುಕಾಟ ಶುರುವಾಗುತ್ತದೆ. ಈ ಅಧ್ಯಾಯ ಅವರ ಬಗ್ಗೆ. ಅವರ ನೋವು ನಿಜವಾದದ್ದು, ಆದರೆ ಒಮ್ಮೆ ಸರಿಯಾಗಿ ತಪಾಸಣೆ ಆದಮೇಲೆ ಇನ್ನೊಂದು ಪರೀಕ್ಷೆಯಿಂದ ಅದು ವಾಸಿಯಾಗುವುದಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ಒಪ್ಪಿಕೊಂಡರೆ ಮಾತ್ರ ದಾರಿ ಕಾಣುತ್ತದೆಂಬುದು ಇಲ್ಲಿನ ವಾದ.

ಮೊದಲು ನೋವು ನಿಜವೆಂಬ ಮಾತು. 1989ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಕ್ರೋಂಕೆ ಮತ್ತು ಮ್ಯಾಂಗಲ್ಸ್‌ಡಾರ್ಫ್, ಒಂದು ಹೊರರೋಗಿ ವಿಭಾಗದ 1000 ರೋಗಿಗಳ ಮೂರು ವರ್ಷಗಳ ದಾಖಲೆಗಳನ್ನು ತೆಗೆದು ನೋಡಿದರು. ಎದೆನೋವು, ಸುಸ್ತು, ತಲೆಸುತ್ತು, ತಲೆನೋವು, ಬೆನ್ನುನೋವು, ಉಬ್ಬಸ, ನಿದ್ದೆ ಬಾರದಿರುವುದು, ಜೋಮು ಹಿಡಿಯುವುದು ಮುಂತಾದ 14 ಸಾಮಾನ್ಯ ದೂರುಗಳನ್ನು ಅವರು ಆರಿಸಿಕೊಂಡಿದ್ದರು. ಅವುಗಳಲ್ಲಿ ದೇಹದ ಇಂಥದ್ದೇ ಕಾಯಿಲೆ ಎಂದು ಬೊಟ್ಟುಮಾಡಿ ತೋರಿಸಲು ಸಾಧ್ಯವಾದದ್ದು ಶೇಕಡಾ 16ರಷ್ಟು ಮಾತ್ರ. ಉಳಿದವರೆಲ್ಲ ನಾಟಕ ಮಾಡುತ್ತಿದ್ದರೇ? ಹಾಗೆ ತಿಳಿಯಲು ಯಾವ ಆಧಾರವೂ ಇಲ್ಲ. ಪಕ್ಕೆಲುಬುಗಳ ನಡುವಿನ ಸ್ನಾಯು ಬಿಗಿಯುತ್ತದೆ, ಅನ್ನನಾಳ ಸೆಡೆತುಕೊಳ್ಳುತ್ತದೆ, ಹೃದಯ ನಡುನಡುವೆ ಒಂದು ಬಡಿತವನ್ನು ಮುಂಚಿತವಾಗಿ ಬಡಿದು ಆಮೇಲೆ ಕ್ಷಣಕಾಲ ತಡೆಯುತ್ತದೆ. ಆರೋಗ್ಯವಂತರಿಗೂ 24 ತಾಸಿನ ಹೋಲ್ಟರ್ ಯಂತ್ರ ಕಟ್ಟಿ ನೋಡಿದರೆ ಇಂಥ ತಪ್ಪು ಬಡಿತಗಳು ಸಾಮಾನ್ಯವಾಗಿ ಸಿಗುತ್ತವೆ. ಜೀವವಿರುವ ದೇಹ ಸದ್ದು ಮಾಡುತ್ತಲೇ ಇರುತ್ತದೆ. ಆ ಸದ್ದುಗಳಲ್ಲಿ ಹೆಚ್ಚಿನವು ಯಾವ ಸ್ಕ್ಯಾನಿನಲ್ಲೂ ಕಾಣುವಂಥವಲ್ಲ. ರಿಪೋರ್ಟ್ ನಾರ್ಮಲ್ ಎಂದರೆ ಹುಡುಕಿದ ಕಾಯಿಲೆ ಸಿಗಲಿಲ್ಲ ಎಂದಷ್ಟೇ ಅರ್ಥ. ರೋಗಿಗೆ ಏನೂ ಆಗುತ್ತಿಲ್ಲ ಎಂದು ಅದು ಹೇಳುವುದಿಲ್ಲ.

ಭಯ ಸೇರಿದಾಗ ಈ ಸಣ್ಣ ಸದ್ದುಗಳು ಹೇಗೆ ದೊಡ್ಡದಾಗುತ್ತವೆ ಎಂಬುದನ್ನು ಹತ್ತಿರದಿಂದ ನೋಡಬೇಕು. ರಾತ್ರಿ ಎಲ್ಲರೂ ಮಲಗಿದಮೇಲೆ ಎಡ ಮಗ್ಗುಲಿಗೆ ತಿರುಗಿದವನಿಗೆ ದಿಂಬಿನೊಳಗೆ ತನ್ನದೇ ಎದೆಬಡಿತ ಕೇಳಿಸುತ್ತದೆ. ಒಂದು ಬಡಿತ ತಪ್ಪಿದಂತಾಗುತ್ತದೆ. ಬೆರಳು ಮಣಿಕಟ್ಟಿನ ನಾಡಿಗೆ ಹೋಗುತ್ತದೆ. ಅಪಾಯ ಬಂತೆಂದು ಮಿದುಳು ತೀರ್ಮಾನಿಸಿದೊಡನೆ ಅಡ್ರಿನಲಿನ್ ಹರಿದು ನಾಡಿ ಇನ್ನಷ್ಟು ವೇಗವಾಗುತ್ತದೆ, ಅಂಗೈ ಬೆವರುತ್ತದೆ. ಉಸಿರು ಮೇಲುಮೇಲಕ್ಕೆ, ಬೇಗಬೇಗ ಆಡತೊಡಗುತ್ತದೆ. ಹೀಗೆ ಬೇಗ ಉಸಿರಾಡಿದಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ಅದು ಇಳಿದಾಗ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರಾಗುತ್ತದೆ. ರಕ್ತದ ಆಮ್ಲ–ಕ್ಷಾರದ ಹದ ತಪ್ಪಿ, ನರಗಳಿಗೆ ದೊರಕುವ ಕ್ಯಾಲ್ಸಿಯಂ ಕಡಿಮೆಯಾಗಿ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಎನ್ನುತ್ತದೆ. ದುಡಿದು ದಣಿದ ಎದೆಯ ಸ್ನಾಯು ನೋಯುತ್ತದೆ. ಎದೆನೋವು, ಬೆವರು, ಉಸಿರಿಗಾಗಿ ತಡಕಾಟ, ಕೈ ಮರಗಟ್ಟುವುದು: ಹೃದಯಾಘಾತದ ಬಗ್ಗೆ ಆತ ಟಿವಿಯಲ್ಲಿ ನೋಡಿದ್ದೆಲ್ಲವೂ ಕೆಲವೇ ನಿಮಿಷಗಳಲ್ಲಿ ಅವನ ಮೈಮೇಲೆ ಬಂದಿರುತ್ತದೆ. ಇದರ ಪ್ರತಿ ಹಂತಕ್ಕೂ ಶರೀರಶಾಸ್ತ್ರದಲ್ಲಿ ವಿವರಣೆಯಿದೆ, ಕಲ್ಪನೆ ಎನ್ನುವಂಥದ್ದು ಎಲ್ಲೂ ಇಲ್ಲ. ನಿರೀಕ್ಷೆಯೊಂದೇ ಇಷ್ಟು ಮಾಡಬಲ್ಲದೇ ಎಂದು ಸಂಶಯಪಡುವವರು 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗವನ್ನು ಗಮನಿಸಬಹುದು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಮೈಕೈ ನೋವಿನಂಥ ತೊಂದರೆ ಬರುತ್ತದೆಂದು ಅದನ್ನು ಬಿಟ್ಟಿದ್ದ 60 ಮಂದಿಗೆ ಒಂದು ವರ್ಷದಲ್ಲಿ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧವಿಲ್ಲದ ಹುಸಿಮಾತ್ರೆ ಕೊಟ್ಟರು, ಕೆಲವು ತಿಂಗಳು ಏನನ್ನೂ ಕೊಡಲಿಲ್ಲ. ಸ್ಟ್ಯಾಟಿನ್ ತಿಂದಾಗ ಹೆಚ್ಚಿದ್ದ ತೊಂದರೆಯಲ್ಲಿ ಶೇಕಡಾ 90ರಷ್ಟು ಹುಸಿಮಾತ್ರೆ ತಿಂದಾಗಲೂ ಇತ್ತು. ನೋವು ಬರುತ್ತದೆಂದು ಕಾದವರಿಗೆ ನಿಜವಾಗಿಯೇ ನೋವು ಬಂದಿತ್ತು.

ಹಾಗಾದರೆ ಭಯ ಹೋಗಲು ಇನ್ನೊಂದು ಪರೀಕ್ಷೆ ಮಾಡಿಸಿದರಾಯಿತಲ್ಲ ಎನಿಸುವುದು ಸಹಜ. ರೋಗಿಯಷ್ಟೇ ಅಲ್ಲ, ವೈದ್ಯರೂ ಹಾಗೆ ನಂಬಿ ಚೀಟಿ ಬರೆಯುತ್ತಾರೆ. ಈ ನಂಬಿಕೆಯನ್ನು ರೋಲ್ಫ್ ಮತ್ತು ಬರ್ಟನ್ ಎಂಬ ಸಂಶೋಧಕರು 2013ರಲ್ಲಿ ಪರಿಶೀಲಿಸಿದರು. ಗಂಭೀರ ಕಾಯಿಲೆಯ ಸಂಭವ ಕಡಿಮೆಯಿರುವವರಿಗೆ ಪರೀಕ್ಷೆ ಮಾಡಿಸಿದರೆ ಏನಾಗುತ್ತದೆಂದು ನೋಡಿದ್ದ 14 ಪ್ರಯೋಗಗಳನ್ನು, ಅಂದರೆ 3828 ರೋಗಿಗಳ ಮಾಹಿತಿಯನ್ನು, ಅವರು ಒಟ್ಟುಗೂಡಿಸಿದರು. ಆಮೇಲಿನ ದಿನಗಳಲ್ಲಿ ವೈದ್ಯರ ಬಳಿಗೆ ಹೋಗುವುದು ಸ್ವಲ್ಪ ಕಡಿಮೆಯಾಗಿರಬಹುದು, ಆದರೆ ಕಾಯಿಲೆಯ ಚಿಂತೆ, ಆತಂಕ, ನೋವು ಇವು ಯಾವುವೂ ಪರೀಕ್ಷೆಯಿಂದ ಇಳಿದಿರಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ‘ಖಂಡಿತವಾಗಿ, ಎಂದೆಂದಿಗೂ ಏನೂ ಆಗುವುದಿಲ್ಲ’ ಎಂಬ ಭರವಸೆಯನ್ನು ಚಿಂತಿತ ಮನಸ್ಸು ಕೇಳುತ್ತದೆ. ಅಂಥ ಭರವಸೆಯನ್ನು ಯಾವ ಯಂತ್ರವೂ ಕೊಡಲಾರದು. ನಿನ್ನೆಯ ಇಸಿಜಿ ನಿನ್ನೆಯದ್ದು, ಇವತ್ತಿನ ಕಥೆಯೇನು ಎಂಬ ಪ್ರಶ್ನೆ ಮರುದಿನವೇ ಏಳುತ್ತದೆ. ನಾಡಿ ಮುಟ್ಟಿ ನೋಡಿಕೊಳ್ಳುವುದು, ಬಿಪಿ ಯಂತ್ರವನ್ನು ದಿನಕ್ಕೆ ಹತ್ತು ಸಲ ಕಟ್ಟಿಕೊಳ್ಳುವುದು, ಮೊಬೈಲಿನಲ್ಲಿ ಲಕ್ಷಣ ಹುಡುಕುವುದು ಎಲ್ಲವೂ ಇದೇ ಜಾತಿಯವು: ಮಾಯುತ್ತಿರುವ ಗಾಯದ ಹಕ್ಕಳೆಯನ್ನು ಮಾಯಿತೇ ಎಂದು ಕಿತ್ತು ಕಿತ್ತು ನೋಡಿದಂತೆ. ಮೇಲಾಗಿ, ಹುಡುಕಿದಷ್ಟೂ ಏನಾದರೊಂದು ಸಿಕ್ಕಿಯೇ ಸಿಗುತ್ತದೆ. ಬೆನ್ನುನೋವೇ ಇಲ್ಲದವರ ಬೆನ್ನುಮೂಳೆಯ ಸ್ಕ್ಯಾನ್‌ಗಳ ಬಗೆಗಿನ 2015ರ ಒಂದು ಸಮೀಕ್ಷೆಯ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲೇ ಶೇಕಡಾ 37 ಮಂದಿಗೆ ಡಿಸ್ಕ್ ಸವೆದಿರುತ್ತದೆ, ಎಂಬತ್ತರವರಲ್ಲಿ ಶೇಕಡಾ 96 ಮಂದಿಗೆ. ಮಾಸ್ಟರ್ ಚೆಕಪ್ ಎಂದು ಆಫರಿನ ದರಕ್ಕೆ ಮಾಡಿಸಿದ ಪರೀಕ್ಷೆಗಳ ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾದ ಒಂದು ಅಂಕಿ ಹೀಗೆ ಇಲ್ಲದ ರೋಗಿಯೊಬ್ಬನನ್ನು ಸೃಷ್ಟಿಸಬಲ್ಲದು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ‘ಎಲ್ಲ ಮನಸ್ಸಿನದು’ ಎಂದು ತಳ್ಳಿಹಾಕಿ ನಿಜವಾದ ಕಾಯಿಲೆಯನ್ನೇ ಕಾಣದೆ ಹೋದರೆ? ವೈದ್ಯಕೀಯದ ಇತಿಹಾಸದಲ್ಲಿ ಹಾಗಾಗಿದೆ. ಹೊಟ್ಟೆಹುಣ್ಣಿಗೆ ಚಿಂತೆಯೇ ಕಾರಣವೆಂದು ದಶಕಗಳ ಕಾಲ ಹೇಳುತ್ತಿದ್ದರು. ಬಹುತೇಕ ಹುಣ್ಣುಗಳ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆಯೆಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ತೋರಿಸಿಕೊಟ್ಟರು, 2005ರಲ್ಲಿ ಅವರಿಗೆ ನೊಬೆಲ್ ಬಂತು. ಈ ಆಕ್ಷೇಪವನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ತಪ್ಪು ಎಷ್ಟರಮಟ್ಟಿಗೆ ಆಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಕೈಕಾಲು ಬಲಗುಂದುವುದು, ಫಿಟ್ಸ್‌ನಂತೆ ಬರುವುದು ಮುಂತಾದ ತೊಂದರೆಗಳಿಗೆ ನರರೋಗ ಕಾರಣವಲ್ಲವೆಂದು ತೀರ್ಮಾನಿಸಿದ್ದ ರೋಗಿಗಳಲ್ಲಿ ಆ ತೀರ್ಮಾನ ಎಷ್ಟು ಸಲ ತಪ್ಪಾಯಿತೆಂದು 2005ರಲ್ಲಿ ಜಾನ್ ಸ್ಟೋನ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. 1950ರ ದಶಕದ ಅಧ್ಯಯನಗಳಲ್ಲಿ ಅದು ಶೇಕಡಾ 29ರಷ್ಟಿತ್ತು, 1970ರಿಂದೀಚೆಗೆ ಶೇಕಡಾ 4ಕ್ಕೆ ಇಳಿದಿದೆ. ಉಳಿದ ನರರೋಗ, ಮನೋರೋಗಗಳ ಪತ್ತೆಯಲ್ಲೂ ಸರಿಸುಮಾರು ಇಷ್ಟು ತಪ್ಪು ಆಗುತ್ತದೆ. ಆದ್ದರಿಂದ ಮೊದಲ ತಪಾಸಣೆ ಪೂರ್ತಿಯಾಗಿ, ಮನಸ್ಸಿಟ್ಟು ಆಗಬೇಕು; ಅದರಲ್ಲಿ ಯಾವ ರಾಜಿಯೂ ಸಲ್ಲದು. ನಡೆದಾಗ ಬಂದು ನಿಂತಾಗ ಹೋಗುವ ಎದೆಭಾರ, ದವಡೆಗೋ ಎಡತೋಳಿಗೋ ಹರಿಯುವ ನೋವು, ತಣ್ಣನೆಯ ಬೆವರು, ಎಚ್ಚರ ತಪ್ಪುವುದು, ಒಂದು ಕಡೆಯ ಕೈಕಾಲು ಏಕಾಏಕಿ ಸೋಲುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ: ಇವು ಕಂಡರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಕೂರಬಾರದು. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಹೆಂಗಸರಲ್ಲಿ ಹೃದಯಾಘಾತ ಬರಿಯ ಸುಸ್ತು, ಉಬ್ಬಸ, ವಾಕರಿಕೆಯಾಗಿಯೂ ಕಾಣಿಸಿಕೊಳ್ಳಬಹುದು. ಪುನೀತ್ ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಅಲ್ಲಿಗೆ ಹೋಗಲು ಸಂಕೋಚ ಬೇಡ. ಇಲ್ಲಿ ವಿರೋಧಿಸುತ್ತಿರುವುದು ಆ ಮೊದಲ ಪರೀಕ್ಷೆಯನ್ನಲ್ಲ, ಹೊಸ ಲಕ್ಷಣವೇನೂ ಇಲ್ಲದೆ ಮಾಡಿಸುವ ಏಳನೆಯದನ್ನು.

ಇದು ಪೇಟೆಯವರ, ಉಂಡು ಕೂತವರ ಕಾಯಿಲೆ ಎಂಬ ಇನ್ನೊಂದು ಮಾತೂ ಕೇಳಿಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ 14 ದೇಶಗಳ 15 ಕೇಂದ್ರಗಳಲ್ಲಿ, ಸಾಮಾನ್ಯ ವೈದ್ಯರ ಬಳಿ ಬರುವವರ ಮನಸ್ಥಿತಿಯನ್ನು ಅಧ್ಯಯನ ಮಾಡಿಸಿತು. ಅವುಗಳಲ್ಲಿ ಬೆಂಗಳೂರೂ ಒಂದು. ಖಿನ್ನತೆ ಇದ್ದವರಲ್ಲಿ ಶೇಕಡಾ 69 ಮಂದಿ ವೈದ್ಯರ ಮುಂದೆ ಹೇಳಿಕೊಂಡದ್ದು ಮೈಯ ತೊಂದರೆಯನ್ನು ಮಾತ್ರ. ಬಡವ, ಬಲ್ಲಿದ ಎನ್ನದೆ ಜಗತ್ತಿನೆಲ್ಲೆಡೆ ದುಃಖ ಮೊದಲು ಮೈಯಲ್ಲೇ ಮಾತಾಡುತ್ತದೆ. ಮಗನ ಸಾಲ, ಮಗಳ ಮದುವೆ, ಗಂಡನ ಕುಡಿತ ಇವನ್ನು ಹೇಳಿಕೊಳ್ಳಲು ಜಾಗವಿಲ್ಲದ ಮನೆಯಲ್ಲಿ ‘ಸೊಂಟ ಬಿದ್ದುಹೋಗುತ್ತಿದೆ ಡಾಕ್ಟ್ರೇ’ ಎಂದು ಹೇಳಲು ಜಾಗವಿದೆ. ಕಾಯಿಲೆಯ ಈ ಭಯವನ್ನು ನಿರುಪದ್ರವಿ ಗೀಳೆಂದು ನಗೆಯಾಡುವವರಿಗೆ ಸ್ವೀಡನ್ನಿನ ದಾಖಲೆಗಳೇ ಉತ್ತರ. ತೀವ್ರವಾದ ರೋಗಭಯವಿದೆಯೆಂದು ಗುರುತಿಸಲಾಗಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಜನರು ಉಳಿದವರಿಗಿಂತ ಸುಮಾರು ಐದು ವರ್ಷ ಮೊದಲೇ ಸತ್ತಿದ್ದರು. ಅವರಲ್ಲಿ ಆತ್ಮಹತ್ಯೆಯ ಪ್ರಮಾಣ ನಾಲ್ಕು ಪಟ್ಟಿನಷ್ಟಿತ್ತು.

ಚಿಕಿತ್ಸೆ ಇದೆ. ಪವಾಡದಂಥದ್ದಲ್ಲ, ಆದರೆ ನಂಬಬಹುದಾದದ್ದು. ಬ್ರಿಟನ್ನಿನ ಆಸ್ಪತ್ರೆಗಳ ಹೃದಯ, ನರ, ಜಠರ ಮುಂತಾದ ವಿಭಾಗಗಳಿಗೆ ಬರುತ್ತಿದ್ದ 444 ಮಂದಿ ರೋಗಭಯದವರ ಮೇಲೆ ಪೀಟರ್ ಟೈರರ್ ಅವರ ತಂಡ ಪ್ರಯೋಗ ನಡೆಸಿತು. ಅರ್ಧದಷ್ಟು ಜನರಿಗೆ ಕೆಲವೇ ಭೇಟಿಗಳಲ್ಲಿ ಮುಗಿಯುವ ಮಾತಿನ ಚಿಕಿತ್ಸೆ ಕೊಟ್ಟರು. ಒಂದು ವರ್ಷದ ಹೊತ್ತಿಗೆ ಚಿಂತೆ ಸಹಜ ಮಟ್ಟಕ್ಕೆ ಇಳಿದವರು ಅವರಲ್ಲಿ ಶೇಕಡಾ 14, ಉಳಿದ ಅರ್ಧದವರಲ್ಲಿ ಶೇಕಡಾ 7. ದೊಡ್ಡ ಅಂಕಿಯಲ್ಲ, ಆದರೆ ಐದು ವರ್ಷಗಳಾದಮೇಲೂ ಆ ಲಾಭ ಉಳಿದಿತ್ತು. ಅಲ್ಪಾವಧಿಯ ತರಬೇತಿ ಪಡೆದ ನರ್ಸ್‌ಗಳು ಕೊಟ್ಟ ಚಿಕಿತ್ಸೆ ಉಳಿದವರದಕ್ಕಿಂತ ಚೆನ್ನಾಗಿ ಫಲಿಸಿತು. ಮನೋವೈದ್ಯರು ವಿರಳವಾಗಿರುವ ನಮ್ಮ ತಾಲ್ಲೂಕುಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿಲ್ಲ. ಚಿಕಿತ್ಸೆಯ ತಿರುಳು ಸರಳ: ಮುಟ್ಟಿ ನೋಡಿಕೊಳ್ಳುವ, ಹುಡುಕುವ, ಕೇಳುವ ಅಭ್ಯಾಸಗಳನ್ನು ಒಂದೊಂದಾಗಿ ಮುಂದೂಡುವುದು. ಮೊದಲು ಹತ್ತು ನಿಮಿಷ, ಆಮೇಲೆ ಒಂದು ತಾಸು, ಆಮೇಲೆ ಒಂದು ದಿನ. ಆ ಹೊತ್ತಿನಲ್ಲಿ ಭಯ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಇಳಿಯುತ್ತದೆಂಬುದನ್ನು ಮೈಯೇ ಕಲಿಯಬೇಕು. ಭಯದಿಂದ ಬಿಟ್ಟಿದ್ದ ನಡಿಗೆ, ಮೆಟ್ಟಿಲು, ಪ್ರಯಾಣಗಳನ್ನು ವೈದ್ಯರ ಒಪ್ಪಿಗೆ ಪಡೆದು ಮತ್ತೆ ಶುರುಮಾಡುವುದು, ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಡುವುದು ಕೂಡ ಇದರಲ್ಲಿ ಸೇರಿವೆ. ಜೊತೆಗೆ ಖಿನ್ನತೆ ಇದ್ದರೆ ಮಾತ್ರೆಗಳು ಬೇಕಾಗಬಹುದು, ಅದರಲ್ಲಿ ಅವಮಾನವೇನೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಒಬ್ಬರೇ ವೈದ್ಯರನ್ನು ಹಿಡಿದುಕೊಳ್ಳುವುದು. ನೋವು ಹೆಚ್ಚಾದಾಗಲೆಲ್ಲ ಹೋಗುವ ಬದಲು, ನೋವಿರಲಿ ಬಿಡಲಿ, ತಿಂಗಳಿಗೊಮ್ಮೆ ಗೊತ್ತುಮಾಡಿದ ದಿನ ಅವರನ್ನು ಕಾಣಬೇಕು. ಹಳೆಯ ಕಡತ ಬಲ್ಲ ವೈದ್ಯರಿಗೆ ಹೊಸ ಲಕ್ಷಣ ಯಾವುದು, ಹಳೆಯದರ ಮರುಕಳಿಕೆ ಯಾವುದು ಎಂಬುದು ಬೇಗ ಗೊತ್ತಾಗುತ್ತದೆ. ನಿಜವಾದ ಕಾಯಿಲೆ ಬಂದರೆ ಅದು ಕಣ್ಣಿಗೆ ಬೀಳುವ ಸಾಧ್ಯತೆಯೂ ಅವರಲ್ಲೇ ಹೆಚ್ಚು.

ಮನೆಯವರಿಗೆ ಒಂದು ವಿನಂತಿ. ‘ನಿನಗೇನೂ ಇಲ್ಲ, ಸುಮ್ಮನಿರು’ ಎಂದು ಗದರುವುದನ್ನೂ, ಕೇಳಿದಾಗಲೆಲ್ಲ ನಾಡಿ ಹಿಡಿದು ‘ಸರಿಯಾಗಿದೆ’ ಎಂದು ಸಮಾಧಾನ ಹೇಳುವುದನ್ನೂ ಬಿಡಿ. ‘ನೋಯುತ್ತಿದೆ ಅಂತ ಗೊತ್ತು, ಡಾಕ್ಟ್ರು ನೋಡಿದ್ದಾರೆ, ಬಾ ಒಂದು ಸುತ್ತು ನಡೆದು ಬರೋಣ’ ಎನ್ನಿ. ಅಷ್ಟರಿಂದ ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ತಾಸೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.