ನಾಲ್ಕನೆಯ ಬೆರಳಿನ ರೆಕ್ಕೆ

ಹಾರುವ ಜಂತುವನ್ನು ಆಕಾಶದಲ್ಲಿಯೇ ಕಂಡವರಿಗೆ ಅದು ಹಾರಬಲ್ಲುದೇ ಎಂಬ ಸಂದೇಹ ಹುಟ್ಟುವುದಿಲ್ಲ. ಆರು ಕೋಟಿ ಅರವತ್ತು ಲಕ್ಷ ವರ್ಷಗಳ ಹಿಂದೆಯೇ ನಾಮಾವಶೇಷವಾಗಿ ಹೋದ ಜಂತುವಿನ ಮೂಳೆಗಳನ್ನು ಮಾತ್ರ ಕಂಡವರಿಗೆ ಆ ಸಂದೇಹ ಹುಟ್ಟಿದುದು ಸಹಜವೇ ಸರಿ. ಆದರೆ ಟೆರೋಸಾರ್ ಎಂಬ ರೆಕ್ಕೆಯ ಉರಗಗಳ ವಿಷಯದಲ್ಲಿ ಆ ಸಂದೇಹವು ಇನ್ನೂರು ವರ್ಷಗಳಿಗೂ ಮಿಕ್ಕಿ ಪಂಡಿತರನ್ನು ಕಾಡಿದುದಕ್ಕೆ, ಮೂಳೆಗಳ ಅಭಾವಕ್ಕಿಂತ ಹೆಚ್ಚಾಗಿ, ಪರೀಕ್ಷಕರ ಕಣ್ಣಿನಲ್ಲಿ ಮೊದಲೇ ನೆಲೆಸಿದ್ದ ಹಕ್ಕಿಯ ಚಿತ್ರವೇ ಕಾರಣವೆಂದು ನನಗೆ ತೋರುತ್ತದೆ.

ಕಥೆ ಆರಂಭವಾಗುವುದು ಬವೇರಿಯದ ಸುಣ್ಣಕಲ್ಲಿನಲ್ಲಿ. ಒಂದು ಕಾಲಕ್ಕೆ ವೋಲ್ಟೇರನ ಕಾರ್ಯದರ್ಶಿಯಾಗಿದ್ದು, ಬಳಿಕ ಮ್ಯಾನ್‌ಹೈಮ್‌ನ ಅರಸನ ವಸ್ತುಸಂಗ್ರಹದ ಪಾಲಕನಾದ ಕೊಲೀನಿಯು, ಅಲ್ಲಿ ದೊರೆತ ವಿಚಿತ್ರ ಅಸ್ಥಿಪಂಜರವೊಂದನ್ನು 1784ರಲ್ಲಿ ವರ್ಣಿಸಿ, ಅದು ಕಡಲಿನ ಜಂತುವಾಗಿರಬಹುದೆಂದು ಊಹಿಸಿದನು. ಅದು ಹಾರುವ ಸರೀಸೃಪವೆಂದು 1801ರಲ್ಲಿ ಗುರುತಿಸಿದವನು ಪ್ಯಾರಿಸ್ಸಿನ ಕುವಿಯೆ. 1809ರಲ್ಲಿ ಅದಕ್ಕೆ ಟೆರೊಡಾಕ್ಟೈಲ್ ಎಂದು ಹೆಸರಿಟ್ಟವನೂ ಅವನೇ. ಅಷ್ಟಕ್ಕೆ ವಾದ ಮುಗಿಯಲಿಲ್ಲ. ಸ್ಯೋಮರಿಂಗನು ಅದನ್ನು ಬಾವಲಿಯ ಬಂಧುವೆಂದನು. 1830ರಲ್ಲಿ ವಾಗ್ಲರನು ಆ ರೆಕ್ಕೆಗಳನ್ನೇ ಈಜುವ ಹುಟ್ಟುಗಳೆಂದು ವಾದಿಸಿದನು.

ಇವರೆಲ್ಲರ ಎದುರಿಗಿದ್ದ ಕೈ ಎಂಥದೆಂಬುದನ್ನು ಕೊಂಚ ನಿಂತು ನೋಡಬೇಕು. ಮೂರು ಪುಟ್ಟ ಬೆರಳುಗಳು, ತುದಿಯಲ್ಲಿ ಉಗುರುಳ್ಳವು; ಅವುಗಳ ಪಕ್ಕದ ನಾಲ್ಕನೆಯದು ಮಾತ್ರ ಮೈಯುದ್ದವನ್ನೂ ಮೀರುವಂತೆ ಬೆಳೆದು, ಕೊಡೆಯ ಕಡ್ಡಿ ಬಟ್ಟೆಯನ್ನು ಬಿಗಿಹಿಡಿಯುವಂತೆ, ಚರ್ಮದ ಪಟಲವೊಂದನ್ನು ಪಕ್ಕೆಯವರೆಗೆ ಬಿಗಿದು ನಿಲ್ಲಿಸಿದ್ದಿತು. ಆ ಪಟಲದ ಅಚ್ಚೇ ಉಳಿದ ರೆಕ್ಕೆಯೊಂದನ್ನು ಮ್ಯೂನಿಕ್ಕಿನ ಝಿಟ್ಟೆಲ್ 1882ರಲ್ಲಿ ಪ್ರಕಟಿಸಿದ ಮೇಲೆ, ಈಜಿನ ವಾದಕ್ಕೆ ಆಸರೆಯೇ ಉಳಿಯಲಿಲ್ಲ. ಆದರೂ ರೆಕ್ಕೆಯಿದ್ದ ಮಾತ್ರಕ್ಕೆ ಅದನ್ನು ಬೀಸುವ ಬಲವೂ ಇರಬೇಕೆಂಬ ನಿಯಮವಿಲ್ಲ. ನಮ್ಮ ಪಶ್ಚಿಮಘಟ್ಟದ ಹಾರುವ ಓತಿಯೂ ಮರದಿಂದ ಮರಕ್ಕೆ ಜಾರಿಹೋಗುತ್ತದೆಯೇ ಹೊರತು ನಿಜವಾಗಿ ಹಾರುವುದಿಲ್ಲ. ಗಾಳಿಯಲ್ಲಿ ತೇಲುವುದು ಬೇರೆ, ಸ್ವಶಕ್ತಿಯಿಂದ ಗಾಳಿಯನ್ನು ಮೆಟ್ಟಿ ಮೇಲೇರುವುದು ಬೇರೆ. ಟೆರೋಸಾರ್‌ಗಳು ಯಾವ ಪಂಗಡಕ್ಕೆ ಸೇರಿದವೆಂಬುದೇ ಮುಂದಿನ ಶತಮಾನದ ಪ್ರಶ್ನೆಯಾಯಿತು.

ಉರಗವೆಂದ ಮೇಲೆ ತಣ್ಣನೆಯ ರಕ್ತ, ತಣ್ಣನೆಯ ರಕ್ತವೆಂದ ಮೇಲೆ ಜಡವಾದ ಸ್ನಾಯು, ಜಡವಾದ ಸ್ನಾಯುವೆಂದ ಮೇಲೆ ತೇಲಾಟ: ಹೀಗೆ ಸಾಗಿದ ತರ್ಕ, ಮೇಲ್ನೋಟಕ್ಕೆ ದೃಢವಾಗಿಯೇ ಇದ್ದಿತು. ಇಂಗ್ಲೆಂಡಿನ ರಿಚರ್ಡ್ ಓವೆನ್ ಎಂಬ ಮಹಾಪಂಡಿತನ ಪ್ರಭಾವವೂ ಅದರ ಬೆನ್ನಿಗಿದ್ದಿತು. ಕೇಂಬ್ರಿಡ್ಜ್‌ನ ಸಂಗ್ರಹದಲ್ಲಿದ್ದ ಮುರುಕು ಮೂಳೆಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ ಸೀಲಿಯು, ಇವು ಹಕ್ಕಿಗಳಂತೆ ಬಿಸಿರಕ್ತದ ಚುರುಕಾದ ಜೀವಿಗಳೆಂದು ಸಾರಿದರೂ, 1901ರ ಅವನ ‘ಡ್ರ್ಯಾಗನ್ಸ್ ಆಫ್ ದಿ ಏರ್’ ಗ್ರಂಥ ಓದುಗರನ್ನು ರಂಜಿಸಿದಷ್ಟು ಪಂಡಿತರನ್ನು ಒಲಿಸಿಕೊಳ್ಳಲಿಲ್ಲ. ಸೀಲಿಯ ಪಕ್ಷಕ್ಕೆ ಬಲ ಬಂದುದು ಎಷ್ಟೋ ಕಾಲದ ನಂತರ, 1971ರಲ್ಲಿ, ಕಜಕಸ್ತಾನದಲ್ಲಿ ದೊರೆತ ಪುಟ್ಟ ಟೆರೋಸಾರ್ ಒಂದರ ಮೈಮೇಲೆ ರೋಮದಂತಹ ಹೊದಿಕೆಯಿತ್ತೆಂದು ರಷ್ಯದ ಶರೋವ್ ತೋರಿಸಿದಾಗ.

ಈ ನಡುವೆ ನಮ್ಮ ದೇಶಕ್ಕೂ ಈ ಕಥೆಯಲ್ಲಿ ಒಂದು ಪಾತ್ರ ಒದಗಿತೆಂಬುದು ಹಲವರಿಗೆ ತಿಳಿಯದು. ಗಂಗೆಯ ನೀರು ಕಾಲರಾದ ಕ್ರಿಮಿಗಳನ್ನು ಕೊಲ್ಲುವುದೆಂದು 1896ರಲ್ಲಿ ಬರೆದು ಹೆಸರಾದ ಹ್ಯಾಂಕಿನ್ ಎಂಬ ಸರ್ಕಾರಿ ಸೂಕ್ಷ್ಮಾಣುಶಾಸ್ತ್ರಜ್ಞನು ಆಗ್ರಾದಲ್ಲಿ ಇದ್ದು, ಕಚೇರಿಯ ಕೆಲಸದ ಜೊತೆಗೆ ಆ ಊರಿನ ಹದ್ದು, ರಣಹದ್ದುಗಳ ಹಾರಾಟವನ್ನು ದಿನದ ಯಾವ ಹೊತ್ತಿನಲ್ಲಿ ಯಾವ ಹಕ್ಕಿ ರೆಕ್ಕೆ ಬಡಿಯದೆ ಸುತ್ತುಗಟ್ಟಿ ಮೇಲೇರುತ್ತದೆಂಬುದರವರೆಗೆ ಲಕ್ಷ್ಯವಿಟ್ಟು ಗಮನಿಸಿ, 1913ರಲ್ಲಿ ಪುಸ್ತಕವನ್ನೇ ಬರೆದನು. ಮರುವರ್ಷ ಅವನೂ ವಾಟ್ಸನ್ ಎಂಬ ಅಸ್ಥಿತಜ್ಞನೂ ಕೂಡಿ ವಿಮಾನಶಾಸ್ತ್ರದ ಪತ್ರಿಕೆಯೊಂದರಲ್ಲಿ ಟೆರೊಡಾಕ್ಟೈಲ್‌ಗಳ ಹಾರಾಟದ ವಿಚಾರವಾಗಿ ಲೇಖನ ಪ್ರಕಟಿಸಿದರು. ವಿಮಾನಗಳೇ ಇನ್ನೂ ತೊಟ್ಟಿಲಲ್ಲಿದ್ದ ಆ ಕಾಲದಲ್ಲಿ ಅಳಿದ ಉರಗದ ಕೀಲುಗಳನ್ನು ಯಂತ್ರದ ಅಂಗಗಳಂತೆ ಎಣಿಸಿ ನೋಡಿದುದು ಸಾಹಸವೇ. ಆದರೆ ಹೋಲಿಕೆಗೆ ಕೈಗೆ ಸಿಕ್ಕಿದುದು ಮಾತ್ರ ಹಕ್ಕಿ ಮತ್ತು ವಿಮಾನ. ಆಮೇಲಿನ ಅರವತ್ತು ವರ್ಷಗಳೂ ಅದೇ ಜಾಡಿನಲ್ಲಿ ಸಾಗಿದವು. 1974ರಲ್ಲಿ ಬ್ರಾಮ್‌ವೆಲ್ ಮತ್ತು ವಿಟ್‌ಫೀಲ್ಡ್ ಎಂಬಿಬ್ಬರು, ಸುಮಾರು 7 ಮೀಟರ್ ರೆಕ್ಕೆಹರವಿನ ಟೆರನೊಡಾನ್ ಎಂಬ ಟೆರೋಸಾರ್‌ಗೆ ಕೇವಲ 17 ಕಿಲೋಗ್ರಾಮಿನಷ್ಟು ತೂಕವನ್ನು ಕಟ್ಟಿ, ಅದು ಮಂದಗತಿಯಲ್ಲಿ ಗಾಳಿಯ ಮೇಲೆ ತೇಲುವುದರಲ್ಲಿ ನಿಪುಣವೆಂದು ಗಣಿತದಿಂದ ತೋರಿಸಿದರು. ತೂಕ ಕಡಮೆ ಮಾಡಿದರೆ ಕಷ್ಟಗಳೂ ಕಡಮೆಯಾಗುವುವಷ್ಟೆ.

ಕಷ್ಟಗಳನ್ನು ಮರಳಿ ತಂದುದು ಟೆಕ್ಸಸ್ಸಿನ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ. 1971ರಲ್ಲಿ ಅಲ್ಲಿ ಡಗ್ಲಸ್ ಲಾಸನ್ ಎಂಬ ವಿದ್ಯಾರ್ಥಿಗೆ ಟೆರೋಸಾರ್ ಒಂದರ ರೆಕ್ಕೆಯ ಮೂಳೆಗಳು ದೊರೆತವು. ಅದರ ತೋಳಿನ ಮೇಲ್ಮೂಳೆಯೊಂದೇ 54 ಸೆಂಟಿಮೀಟರ್ ಉದ್ದ. 1975ರಲ್ಲಿ ಅವನು ಆ ಪ್ರಾಣಿಗೆ ಅಜ್ಟೆಕ್ ಜನರ ಗರಿಯುಳ್ಳ ಸರ್ಪದೇವತೆಯ ಹೆಸರನ್ನೂ, ಬಾಲವಿಲ್ಲದ ವಿಮಾನಗಳನ್ನು ಕಟ್ಟಿದ ನಾರ್ತ್ರಪ್‌ನ ಹೆಸರನ್ನೂ ಕೂಡಿಸಿ ‘ಕ್ವೆಟ್ಜಾಲ್‌ಕೊವಾಟ್ಲಸ್ ನಾರ್ತ್ರಪಿ’ ಎಂದು ಕರೆದನು. ಅದರ ರೆಕ್ಕೆಹರವನ್ನು 15 ಮೀಟರಿಗೂ ಮಿಗಿಲೆಂದು ಎಣಿಸಿದ್ದು ಈಗ 10-11 ಮೀಟರಿಗೆ ಇಳಿದಿದೆ. ತೂಕದ ಎಣಿಕೆ ಮಾತ್ರ ಏರಿ, ಇಂದು ಹೆಚ್ಚಿನವರು 200 ಕಿಲೋಗ್ರಾಮಿನ ಆಚೀಚೆ ಹೇಳುತ್ತಾರೆ. ಇಷ್ಟು ಭಾರದ ಹಕ್ಕಿ ನೆಲಬಿಟ್ಟು ಏಳಲಾರದು. ಟೋಕಿಯೋದ ಸಾಟೋ ಮತ್ತು ಸಂಗಡಿಗರು ದಕ್ಷಿಣ ಸಾಗರದ ಆಲ್ಬಟ್ರಾಸ್ ಮುಂತಾದ ಕಡಲಹಕ್ಕಿಗಳ ರೆಕ್ಕೆಬಡಿತವನ್ನು ಯಂತ್ರಗಳಿಂದ ಅಳೆದು, 41 ಕಿಲೋಗ್ರಾಮ್ ದಾಟಿದ ಜಂತುವಿಗೆ ಅಂತಹ ಹಾರಾಟ ಸಾಧ್ಯವಿಲ್ಲವೆಂದು 2009ರಲ್ಲಿ ತೀರ್ಪಿತ್ತರು. ಮರುವರ್ಷ ಹೆಂಡರ್‌ಸನ್ ಎಂಬವನು ಕ್ವೆಟ್ಜಾಲ್‌ಕೊವಾಟ್ಲಸ್‌ನ ತೂಕವನ್ನು 540 ಕಿಲೋಗ್ರಾಮಿಗೆ ಏರಿಸಿ, ಅದು ಹಾರುವುದನ್ನೇ ಬಿಟ್ಟಿದ್ದಿರಬೇಕೆಂದನು.

ಅವರಿಗಿಂತ ಮುಂಚೆಯೇ ಪಾಲ್ ಮೆಕ್‌ಕ್ರೆಡಿ ಆ ಪ್ರಾಣಿಯನ್ನು ಯಂತ್ರವಾಗಿ ಕಟ್ಟಿ ಹಾರಿಸಿದ್ದನು. ಮನುಷ್ಯನ ಕಾಲ್ಬಲದಿಂದಲೇ ಹಾರುವ ವಿಮಾನವನ್ನು ನಿರ್ಮಿಸಿ ಕೀರ್ತಿ ಪಡೆದಿದ್ದ ಈತನ, 5.5 ಮೀಟರ್ ರೆಕ್ಕೆಹರವಿನ ಮಾದರಿಯು 1986ರಲ್ಲಿ ಮೋಟಾರುಗಳ ಬಲದಿಂದ ರೆಕ್ಕೆ ಬಡಿದು ಗಾಳಿಯಲ್ಲಿ ಸಾಗಿತು. ಬಾಲವಿಲ್ಲದ, ಉದ್ದನೆಯ ಕತ್ತಿನ ಅದನ್ನು ಸ್ಥಿರವಾಗಿಡಲು ಕ್ಷಣಕ್ಷಣವೂ ಕಂಪ್ಯೂಟರೇ ತಿದ್ದಬೇಕಾಯಿತು. ಆದರೆ ಅದನ್ನು ಮೇಲೇರಿಸುತ್ತಿದ್ದುದು ಹಗ್ಗದಿಂದ ಎಳೆದು. ಅದೇ ವರ್ಷ ಮೇರಿಲ್ಯಾಂಡಿನ ವಾಯುನೆಲೆಯೊಂದರಲ್ಲಿ ನೆರೆದ ಜನರ ಎದುರಿಗೇ ಅದು ನೆಲಕ್ಕೆ ಬಿದ್ದು ಮುರಿಯಿತು. ನಿಜವಾದ ತೊಡಕು ಗಾಳಿಯಲ್ಲಿ ನಿಲ್ಲುವುದರಲ್ಲಿರಲಿಲ್ಲ, ನೆಲವನ್ನು ಬಿಡುವುದರಲ್ಲಿದ್ದಿತು.

ಅಮೆರಿಕದ ಮೈಕಲ್ ಹಬೀಬ್ 2008ರಲ್ಲಿ ಕೈಹಾಕಿದುದು ಇಲ್ಲಿಯೇ. ಹಕ್ಕಿ ನೆಲದಿಂದ ಜಿಗಿಯುವುದು ಹಿಂಗಾಲುಗಳಿಂದ. ಹಾರುವಾಗ ಆ ಕಾಲುಗಳು ಕೇವಲ ಹೊರೆ. ಟೆರೋಸಾರ್‌ಗಳಾದರೋ ನೆಲದ ಮೇಲೆ ರೆಕ್ಕೆಯನ್ನು ಮಡಿಸಿ, ಕೈಗಳನ್ನೂ ಊರಿ ನಾಲ್ಕು ಕಾಲಿನಲ್ಲಿ ನಡೆಯುತ್ತಿದ್ದುವೆಂಬುದು ಹೆಜ್ಜೆಗುರುತುಗಳಿಂದ ಅಷ್ಟರೊಳಗೆ ಸ್ಥಿರಪಟ್ಟಿತ್ತು. ಹಬೀಬನು ಮೂಳೆಗಳ ಬಲವನ್ನು ಅಳೆದು ನೋಡಲಾಗಿ, ದೊಡ್ಡ ಟೆರೋಸಾರ್‌ಗಳಲ್ಲಿ ತೋಳಿನ ಮೂಳೆಯು ತೊಡೆಯ ಮೂಳೆಗಿಂತ ಎಷ್ಟೋ ಪಾಲು ಗಟ್ಟಿಯಾಗಿ ಕಂಡಿತು. ಹಾಗಿದ್ದರೆ ಜಿಗಿತವೂ ತೋಳಿನಿಂದಲೇ ಏಕಾಗಿರಬಾರದು? ದಕ್ಷಿಣ ಅಮೆರಿಕದ ರಕ್ತಹೀರುವ ಬಾವಲಿ ಇಂದಿಗೂ ನೆಲವನ್ನು ಕೈಗಳಿಂದ ಒತ್ತಿಯೇ ಮೇಲಕ್ಕೆ ನೆಗೆಯುತ್ತದೆ. ಹಾರುವ ಸ್ನಾಯುವೇ ಏಳುವ ಸ್ನಾಯುವೂ ಆದಾಗ, ಹಕ್ಕಿಗೆ ವಿಧಿಸಿದ ಭಾರದ ಮಿತಿ ಇದಕ್ಕೆ ಅನ್ವಯಿಸಬೇಕಾಗಿಲ್ಲ. 2010ರಲ್ಲಿ ಹಬೀಬ್ ಮತ್ತು ವಿಟನ್ ಕೂಡಿ ಸಾಟೋ, ಹೆಂಡರ್‌ಸನ್ ಇಬ್ಬರಿಗೂ ಈ ವಾದದಿಂದಲೇ ಉತ್ತರವಿತ್ತರು. ಇಷ್ಟು ಸರಳವಾದ ಮಾತು ಹೊಳೆಯಲು ಇಷ್ಟು ಕಾಲ ಹಿಡಿಯಿತಲ್ಲಾ ಎಂದು ಆಶ್ಚರ್ಯವಾಗದಿರದು.

ಸುತ್ತಲಿನ ಸಾಕ್ಷ್ಯಗಳೂ ಅತ್ತಲೇ ವಾಲಿವೆ. ತೋಳಿನ ಮೂಳೆಯ ಮೇಲಿನ ಅಗಲವಾದ ಏಣು ದೊಡ್ಡ ಸ್ನಾಯುಗಳಿಗೆ ಹಿಡಿತ ಕೊಡುವಂಥದು, ತೇಲುವ ಜಂತುವಿಗೆ ಅನಗತ್ಯವಾದುದು. ಶರೀರದ ಚಲನೆಗೆ ತಕ್ಕಂತೆ ದೃಷ್ಟಿಯನ್ನು ಸ್ಥಿರವಾಗಿ ನಿಲ್ಲಿಸುವ ಮೆದುಳಿನ ಒಂದು ಭಾಗ, ಹಕ್ಕಿಗಳಲ್ಲಿ ಮೆದುಳಿನ ನೂರಕ್ಕೆ ಒಂದೆರಡು ಪಾಲಿರುವುದು, ಇವುಗಳಲ್ಲಿ ಏಳೂವರೆ ಪಾಲಿದ್ದಿತೆಂದು ವಿಟ್ಮರ್ ತಂಡದವರು 2003ರಲ್ಲಿ ತೋರಿಸಿದರು. ಎಲ್ಲಕ್ಕೂ ಮಿಗಿಲಾಗಿ ನನ್ನನ್ನು ಸೆಳೆದುದು ಫ್ರಾನ್ಸಿನ ಕ್ರೇಸಾಕ್‌ನಲ್ಲಿ ದೊರೆತು 2009ರಲ್ಲಿ ಪ್ರಕಟವಾದ ಹೆಜ್ಜೆಗಳ ಸಾಲು. ಹಿಂಗಾಲುಗಳೆರಡೂ ಜೊತೆಯಲ್ಲೇ ನೆಲ ಮುಟ್ಟಿವೆ, ಬೆರಳುಗಳು ಕೊಂಚ ಎಳೆದ ಗೀರುಗಳಿವೆ, ಒಂದು ಕಿರುನೆಗೆತ, ಆಮೇಲೆ ಕೈಗಳನ್ನು ಊರಿ, ಆ ಪ್ರಾಣಿ ನಾಲ್ಕು ಕಾಲಿನಲ್ಲಿ ನಡೆದುಹೋಗಿದೆ. ವೇಗವನ್ನು ಗಾಳಿಯಲ್ಲೇ ಮುರಿದು, ಮೈಯನ್ನು ನೆಟ್ಟಗೆ ಮಾಡಿ, ಮೆಲ್ಲನೆ ಇಳಿದುದರ ಗುರುತು ಅದು. ರೆಕ್ಕೆಯ ಮೇಲೆ ಪೂರ್ಣ ಸ್ವಾಧೀನವಿಲ್ಲದ ಜಂತುವಿನಿಂದ ಆಗುವ ಕೆಲಸವಲ್ಲ.

ಈಗ ಉಳಿದಿರುವ ಜಗಳ ಒಳಮನೆಯದು. ಕೆವಿನ್ ಪೇಡಿಯನ್ ಮತ್ತು ಸಂಗಡಿಗರು 2021ರಲ್ಲಿ ಕ್ವೆಟ್ಜಾಲ್‌ಕೊವಾಟ್ಲಸ್ ಕುರಿತ ಬೃಹತ್ ಅಧ್ಯಯನವನ್ನು ಹೊರತಂದು, ಅದು ಕೊಕ್ಕರೆಯಂತೆ ಹಿಂಗಾಲುಗಳಿಂದಲೇ ನೆಗೆದು, ಬಳಿಕ ರೆಕ್ಕೆ ಬಡಿಯುತ್ತಿತ್ತೆಂದು ವಾದಿಸಿದ್ದಾರೆ. ಮರುವರ್ಷ ಜಪಾನಿನ ಗೋಟೊ ಮುಂತಾದವರು, ಅದು ತೇಲುವುದರಲ್ಲಿ ತೀರ ಸಾಧಾರಣವೆಂದೂ, ಅದರ ಬದುಕು ಬಹುಮಟ್ಟಿಗೆ ನೆಲದ ಮೇಲೆಯೇ ಕಳೆದಿರಬೇಕೆಂದೂ ಲೆಕ್ಕ ಹಾಕಿದ್ದಾರೆ. ತೊಡೆಗಿಂತ ತೋಳು ಅಷ್ಟು ಬಲಿಷ್ಠವಾಗಿರುವಾಗ ಜಿಗಿತದ ಕೆಲಸವನ್ನು ತೊಡೆಗೆ ವಹಿಸುವುದು ನನಗೇನೋ ಒಪ್ಪಿಗೆಯಾಗದು. ಆದರೆ ಎರಡು ಪಕ್ಷದವರಲ್ಲಿ ಯಾರೂ ಅದು ರೆಕ್ಕೆ ಬಡಿಯುತ್ತಿತ್ತೆಂಬುದನ್ನು ಅಲ್ಲಗಳೆಯುತ್ತಿಲ್ಲ.